ಮೈಸೂರಿನ ಮರ ಕಡೆಯುವವರ ಗುಂಪಿಗೆ ಜಾಗ ಬೇಕಾಗಿದೆ, ಸಲಹೆ ಕೊಡಿ

ಕಡಗೋಲು (ಮೈಸೂರು)

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಇದೆ, ಕಾಫಿ ಹಿಡ್ಕೊಂಡು ಓದಿ.

ನಾನು ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಕಬ್ಬಿಣ ಕಡೆದವನು. ರಿಟೈರ್ ಆದ್ಮೇಲೆ ಕೈ ಸುಮ್ಮನಿರಲಿಲ್ಲ. ಮರದ ಒಂದು ಸಣ್ಣ ಲೇತ್ (ಮರದ ತುಂಡನ್ನ ಗರಗರ ತಿರುಗಿಸೋ ಯಂತ್ರ, ತಿರುಗುವಾಗ ಉಳಿ ಹಿಡಿದು ಆಕಾರ ಕೊಡೋದೇ ಕಡೆಯೋದು) ತಗೊಂಡು ಮನೆ ಕಾರ್ ಶೆಡ್ಡಲ್ಲಿ ಇಟ್ಟೆ. ಕಬ್ಬಿಣದ ಲೇತಲ್ಲಿ ಉಳಿಯನ್ನ ಯಂತ್ರ ಹಿಡಿದಿರುತ್ತೆ, ಮರದ ಲೇತಲ್ಲಿ ನಾವೇ ಹಿಡೀಬೇಕು. ಈ ವ್ಯತ್ಯಾಸ ತಲೆಗೆ ಹೋಗೋದಕ್ಕೆ ನನಗೆ ಎರಡು ಟ್ಯೂಬ್‌ಲೈಟ್ ಖರ್ಚಾಯ್ತು.

ಶುರುವಿನಲ್ಲಿ ಐದು ಜನ ಇದ್ವಿ. ಈಗ 28. ತಿಂಗಳಿಗೆ ಎರಡು ಭಾನುವಾರ ಸೇರ್ತೀವಿ. ಯಾರಾದ್ರೂ ಒಬ್ಬರು ಏನಾದ್ರೂ ಕಡೆದು ತೋರಿಸ್ತಾರೆ, ಉಳಿದವರು ಮನೇಲಿ ಮಾಡಿದ್ದನ್ನ ತಂದು ಮೇಜಿನ ಮೇಲಿಟ್ಟು ಬೈಸಿಕೊಳ್ತಾರೆ. ಹೊಸಬರಿಗೆ ಮೊದಲು ಲಟ್ಟಣಿಗೆ, ಆಮೇಲೆ ಬುಗುರಿ, ಆಮೇಲೆ ಕಡಗೋಲು (ನನ್ನ ಹೆಸರು ಅಲ್ಲಿಂದ ಬಂದದ್ದು, ಮೊಸರು ಕಡೆಯೋದೂ ಕಡೆಯೋದೇ, ಮರ ಕಡೆಯೋದೂ ಕಡೆಯೋದೇ). ಬಟ್ಟಲು ಕೊನೆಗೆ. ಲಟ್ಟಣಿಗೆ ಸುಲಭ ಅಂತ ಎಲ್ಲರೂ ನಗ್ತಾರೆ. ಎರಡು ತುದೀಲೂ ಒಂದೇ ದಪ್ಪ ಬಂದ್ರೆ ಅರ್ಧ ಪಾಠ ಮುಗೀತು ಸ್ವಾಮಿ. ಮಾರ್ಕು ಕೊಡೋದು ನಾನಲ್ಲ, ಮನೇಲಿ ಚಪಾತಿ ಲಟ್ಟಿಸೋರು.

ಈಗ ಕಷ್ಟಕ್ಕೆ ಬರ್ತೀನಿ. ನಮ್ಮ ಶೆಡ್ 10×20 ಅಡಿ. ಅದರೊಳಗೆ ಎರಡು ಲೇತ್, ಉಳಿ ಮಸೆಯೋ ಗ್ರೈಂಡರ್, ಒಣಗೋಕೆ ಇಟ್ಟ ಮರ, ಜೊತೆಗೆ 28 ಜನ. ಕಾರು ನಾಲ್ಕು ವರ್ಷದಿಂದ ಬೀದೀಲಿ ಮಲಗ್ತಿದೆ. ಹೋದ ತಿಂಗಳು ಒಂಬತ್ತು ಇಂಚಿನ ಮಳೆಮರದ ಬಟ್ಟಲಿಗೆ ಉಳಿ ಕಚ್ಚಿಕೊಳ್ತು. ಬಟ್ಟಲು ಚಕ್ಕಿಂದ (ಲೇತಲ್ಲಿ ಮರ ಕಚ್ಚಿ ಹಿಡಿಯೋ ಭಾಗ) ಕಿತ್ಕೊಂಡು ಹೋಗಿ ಶಟರಿಗೆ ಬಡೀತು. ಯಾರಿಗೂ ಏನೂ ಆಗ್ಲಿಲ್ಲ, ಆದರೆ ಆ ದಾರೀಲಿ ಅರ್ಧ ನಿಮಿಷದ ಹಿಂದೆ ಒಬ್ಬ ಹುಡುಗ ನಿಂತಿದ್ದ. ಅವತ್ತು ರಾತ್ರಿ ನನಗೆ ನಿದ್ದೆ ಬರ್ಲಿಲ್ಲ. ಇದರ ಮೇಲೆ ಪಕ್ಕದ ಮನೆ ಅಜ್ಜಿ. ಒಗೆದು ಹರವಿದ ಸೀರೆ ಮೇಲೆ ಹಲಸಿನ ಪುಡಿ ಕೂತು ಅರಿಶಿನದ ನೀರಲ್ಲಿ ಅದ್ದಿದ ಹಾಗಾಗಿತ್ತು. ಅವರು ಬೈದಿದ್ದು ನ್ಯಾಯವೇ.

ಮುಂದೆ ಮೂರು ದಾರಿ ಕಾಣ್ತಿದೆ.

ಒಂದು, ಬಡಾವಣೆಯ ಸಮುದಾಯ ಭವನ. ಭಾನುವಾರ ಬೆಳಿಗ್ಗೆ ಬಿಟ್ಟಿ ಕೊಡ್ತಾರೆ. ಕುರ್ಚಿ, ಫ್ಯಾನು, ಮೈಕು ಎಲ್ಲ ಇದೆ. ಆದರೆ ಮೆಷಿನ್ ಹಾಕಂಗಿಲ್ಲ, ನೆಲ ಗಲೀಜು ಮಾಡಂಗಿಲ್ಲ.

ಎರಡು, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ 20×30 ಶೆಡ್ಡು. ಬಾಡಿಗೆ 18,000, ಅಡ್ವಾನ್ಸ್ 1 ಲಕ್ಷ.

ಮೂರು, ಪರಿಚಯದ ಒಬ್ಬರ ಸಾಮಿಲ್ಲಿನ ಹಿಂಭಾಗದ ಮೂಲೆ. ಇನ್ನೂ ಕೇಳಿಲ್ಲ, ಕೇಳಿದ್ರೆ ಕೊಡಬಹುದು.

ಗುಂಪಿನಲ್ಲಿ ಅರ್ಧ ಜನ ಮೊದಲನೇದು ಅಂತಿದಾರೆ, ಬಿಟ್ಟಿ ಅಲ್ವಾ. ನನಗೆ ಅದು ಮದುವೆ ಮನೇಲಿ ಒಲೆ ಹಚ್ಚಬೇಡಿ ಅಂದ ಹಾಗಿದೆ.

---

ಬುಗುರಿಪುಟ್ಟ (ಮೈಸೂರು)

ಆ ಅರ್ಧ ನಿಮಿಷದ ಹಿಂದೆ ನಿಂತಿದ್ದ ಹುಡುಗ ನಾನೇ 😄

ಆದರೂ ನನ್ನ ವೋಟು ಸಮುದಾಯ ಭವನಕ್ಕೆ. ಅಂಕಲ್, ತಿಂಗಳಿಗೆ 18,000 ಎಲ್ಲಿಂದ ತರೋದು? 28 ಜನ ತಲಾ 500 ಹಾಕಿದ್ರೂ 14,000 ಆಗುತ್ತೆ. ಅದೂ ಎಲ್ಲರೂ ಕೊಟ್ರೆ. ವಾಟ್ಸಾಪಲ್ಲಿ ಹೆಬ್ಬೆಟ್ಟು ತೋರಿಸೋರು 28, ದುಡ್ಡು ಹಾಕೋರು 15. ಭವನದಲ್ಲಿ ದೊಡ್ಡ ಟಿವಿ ಇದೆ, ಮನೇಲಿ ಮಾಡಿದ ವಿಡಿಯೋ ತೋರಿಸ್ಬಹುದು, ಮಾತಾಡ್ಬಹುದು.

---

ಸಿಪ್ಪೆಯಮ್ಮ (ಮೈಸೂರು)

ವಿಡಿಯೋ ನೋಡೋದಕ್ಕೆ ನಾನು ಭಾನುವಾರ ಬೆಳಿಗ್ಗೆ ತಿಂಡಿ ಬೇಗ ಮುಗಿಸಿ ಯಾಕೆ ಬರಲಿ ಪುಟ್ಟಾ? ಮನೇಲಿ ಸೋಫಾ ಇಲ್ವಾ?

ಉಳಿ ಹಿಡಿಯೋದು ಕಣ್ಣಿಂದ ಬರೋ ವಿದ್ಯೆ ಅಲ್ಲ. ನಾನು ಆರು ತಿಂಗಳು ವಿಡಿಯೋ ನೋಡಿಯೇ ಕಲಿತೆ ಅಂದ್ಕೊಂಡಿದ್ದೆ. ಕಡಗೋಲು ಸರ್ ಬಂದು ನನ್ನ ಬಲಮೊಣಕೈಯನ್ನ ಎರಡು ಇಂಚು ಒಳಗೆ ತಳ್ಳಿ ಪಕ್ಕೆಗೆ ಒತ್ತಿಸಿದ್ರು, ಅಷ್ಟೇ. ಉಳಿಯ ಬೆನ್ನು ಮರಕ್ಕೆ ತಾಗಿ, ನಿಧಾನ ಹಿಡಿ ಎತ್ತಿದ ಹಾಗೆ ಸಿಪ್ಪೆ ಈರುಳ್ಳಿ ಸಿಪ್ಪೆ ಥರ ಸುರುಳಿ ಸುರುಳಿ ಬಂತು. ಅಲ್ಲೀವರೆಗೂ ನಾನು ತೆಗೀತಿದ್ದದ್ದು ಬರೀ ಪುಡಿ.

ಇನ್ನೊಂದು ಮಾತು, ಯಾರೂ ಎತ್ತಿಲ್ಲ. ಗುಂಪಿನಲ್ಲಿ ನಾವು ಹೆಂಗಸರು ಆರು ಜನ. ಜಾಗ ಯಾವುದೇ ಆಗ್ಲಿ, ಚಿಲಕ ಹಾಕೋ ಬಾತ್‌ರೂಮ್ ಇಲ್ಲದಿದ್ರೆ ನಾವು ಬರಲ್ಲ. ಸೆರಗು, ದುಪಟ್ಟಾ, ಜಡೆ, ಬಳೆ ಎಲ್ಲ ಕಟ್ಟಿ ಬಿಗಿದು ಬನ್ನಿ ಅಂತ ನಮಗೆ ಪಾಠ ಮಾಡ್ತೀರಲ್ಲ, ಸರಿ, ಮಾಡ್ತೀವಿ. ಗಂಡಸರಿಗೂ ಒಂದು ಪಾಠ ಆಗ್ಲಿ: ಕೈಗವಸು ಹಾಕ್ಕೊಂಡು ಲೇತ್ ಮುಂದೆ ನಿಲ್ಲಬೇಡಿ. ಹೋದ ಸಲ ಇಬ್ಬರು ನಿಂತಿದ್ರು.

---

ಸಿಲ್ವರ್ ಓಕ್ (ಕೊಡಗು)

ತೋಟದವನು ನಾನು. ಎರಡು ತಿಂಗಳಿಗೊಮ್ಮೆ ಜೀಪಲ್ಲಿ ಮರದ ತುಂಡು ಹಾಕ್ಕೊಂಡು ಬರ್ತೇನೆ. ನನ್ನ ದೃಷ್ಟೀಲಿ ನಿಮಗೆ ಬೇಕಾದ್ದು ಕೂರೋ ಜಾಗವೂ ಅಲ್ಲ, ಲೇತಿನ ಜಾಗವೂ ಅಲ್ಲ, ಮರ ಇಡೋ ಜಾಗ. ಇದನ್ನ ಯಾರೂ ಲೆಕ್ಕಕ್ಕೆ ತಗೊಂಡಿಲ್ಲ.

ಹಸಿ ಮರವನ್ನ ಬಟ್ಟಲಿನ ಆಕಾರಕ್ಕೆ ದಪ್ಪಗೆ ಕಡೆದು ಇಡ್ತೀರಿ. ಅಗಲದ ಹತ್ತರಲ್ಲಿ ಒಂದು ಪಾಲು ಗೋಡೆ ದಪ್ಪ, ಅಂದ್ರೆ ಹತ್ತು ಇಂಚಿನ ಬಟ್ಟಲಿಗೆ ಒಂದಿಂಚು. ಮೇಣ ಬಳಿದು ಆರು ತಿಂಗಳಾದ್ರೂ ನೆರಳಲ್ಲಿ ಬಿಡಬೇಕು. ಹಲಗೆಯಾಗಿ ಇಟ್ಟರೆ ಇಂಚಿಗೊಂದು ವರ್ಷ ಅಂತ ಹಳಬರು ಹೇಳ್ತಾರೆ. 28 ಜನ ತಲಾ ನಾಲ್ಕು ಬಟ್ಟಲು ಇಟ್ಟರೆ ನೂರು ದಾಟ್ತು. ಎಲ್ಲಿ ಇಡ್ತೀರಿ? ನಾನು ಒಂದು ಸಲ ಮನೆಯ ಹಾಲ್‌ನಲ್ಲಿ ಫ್ಯಾನಿನ ಕೆಳಗಿಟ್ಟಿದ್ದೆ. ರಾತ್ರಿ ಹನ್ನೊಂದಕ್ಕೆ ಟಪ್ ಅಂತ ಸದ್ದು, ಬೆಳಿಗ್ಗೆ ನೋಡಿದ್ರೆ ಬಾಯಿಂದ ಬುಡದವರೆಗೆ ಸೀಳು. ಸಿಮೆಂಟ್ ಶೀಟಿನ ಕೆಳಗೆ ಮಾರ್ಚಿ ತಿಂಗಳ ಬಿಸಿಲಲ್ಲೂ ಅದೇ ಗತಿ.

ಸಿಲ್ವರ್ ಓಕ್ ಕಡಿಯೋದಕ್ಕೆ ಪರವಾನಗಿ ಬೇಡ, ಅದಕ್ಕೇ ನಾನು ಧೈರ್ಯವಾಗಿ ತರ್ತೇನೆ. ಬೀಟೆ ತುಂಡು ಯಾರಾದ್ರೂ ‘ಸುಮ್ಮನೆ ಬಿದ್ದಿತ್ತು’ ಅಂತ ತಂದ್ರೆ ಗೇಟಿನ ಹೊರಗೇ ನಿಲ್ಲಿಸಿ. ಹಳೇ ಮನೆಯ ಕಂಬವೋ ಮಂಚದ ಕಾಲೋ ಆಗಿದ್ರೆ ಬೇರೆ ಮಾತು.

---

ಮಿನ್ನೆಸೋಟ ಮೈಸೂರಿಗ

ಒಂಟಿಕೊಪ್ಪಲಿನವನು, ಈಗ ಮಿನ್ನೆಸೋಟದಲ್ಲಿದೀನಿ. ಅಮೆರಿಕದ ಮರ ಕಡೆಯುವವರ ರಾಷ್ಟ್ರೀಯ ಸಂಘ 1986ರಲ್ಲಿ ಶುರುವಾದದ್ದು, ಅದರ ಕಚೇರಿ ಇಲ್ಲೇ ಸೇಂಟ್ ಪಾಲ್‌ನಲ್ಲಿದೆ. ನಾನು ಹೋಗೋದು ಒಂದು ಸ್ಥಳೀಯ ಗುಂಪಿಗೆ. ನಮಗೂ ಸ್ವಂತ ಜಾಗ ಇಲ್ಲ. ತಿಂಗಳಿಗೊಂದು ಸಂಜೆ ಒಂದು ಶಾಲೆಯ ಮರಗೆಲಸದ ಕೋಣೇಲಿ ಸೇರ್ತೀವಿ.

ನಿಮಗೆ ಉಪಯೋಗಕ್ಕೆ ಬರೋ ಎರಡು ವಿಷಯ ಹೇಳ್ತೀನಿ. ಲೇತಿನ ಮೇಲೆ ಒಂದು ಕ್ಯಾಮೆರಾ ನೇತುಹಾಕಿ ದೊಡ್ಡ ಟಿವಿಗೆ ಕೊಟ್ಟಿದಾರೆ. ಮೂವತ್ತು ಜನ ಲೇತ್ ಸುತ್ತ ಮುಗಿಬೀಳಲ್ಲ, ದೂರ ಕೂತೇ ಉಳಿಯ ತುದಿ ಕಾಣ್ತದೆ. ಪುಟ್ಟ ಅರ್ಧ ನಿಮಿಷದ ಹಿಂದೆ ಅಲ್ಲಿ ನಿಲ್ಲೋ ಪ್ರಮೇಯವೇ ಇರ್ತಿರಲಿಲ್ಲ. ಇನ್ನೊಂದು, ಎಲ್ಲರೂ ಮನೇಲಿ ಮಿಕ್ಕ ಮರದ ತುಂಡು ತರ್ತಾರೆ, ಚೀಟಿ ಎತ್ತಿ ಹಂಚ್ತಾರೆ. ಚೀಟಿ ದುಡ್ಡು ಗುಂಪಿನ ಖರ್ಚಿಗೆ. ನಮ್ಮೂರಿನ ಗಣೇಶೋತ್ಸವದ ಲಕ್ಕಿ ಡಿಪ್ ಇದ್ದ ಹಾಗೆ.

ಹೊಸಬರನ್ನ ತಂಡದ ಮಧ್ಯೆ ಕಲಿಸಲ್ಲ. ಒಬ್ಬ ಹಳಬರ ಮನೆಗೆ ಇಬ್ಬಿಬ್ಬರು ಹೋಗ್ತಾರೆ. ಹಾಗಾಗಿ ದೊಡ್ಡ ಜಾಗ ಬೇಕಾಗೋದು ತಿಂಗಳಿಗೆ ಎರಡೇ ಗಂಟೆ.

---

ಕಡಗೋಲು

@ಮಿನ್ನೆಸೋಟ ಮೈಸೂರಿಗ: ಕ್ಯಾಮೆರಾ ಮಾತು ಬಹಳ ಒಳ್ಳೇದು. ಆದರೆ ನಿಮ್ಮಲ್ಲಿ ಹಳಬರು ಪ್ರತಿಯೊಬ್ಬರ ಮನೇಲೂ ಲೇತ್ ಇರುತ್ತೆ ಅನ್ಸುತ್ತೆ. ನಮ್ಮ 28 ಜನರಲ್ಲಿ ಲೇತ್ ಇರೋದು ಏಳು ಜನರ ಹತ್ರ. ಉಳಿದವರು ಮೊದಲನೇ ಮಹಡಿ, ಎರಡನೇ ಮಹಡಿ ಬಾಡಿಗೆ ಮನೆಯವರು. ಅವರಿಗೆ ಇಡೀ ತಿಂಗಳಲ್ಲಿ ಉಳಿ ಸಿಗೋದು ಆ ಎರಡು ಭಾನುವಾರ ಮಾತ್ರ. ಅಲ್ಲೂ ಕುರ್ಚಿ ಹಾಕಿ ಕೂರಿಸಿದ್ರೆ ಮೂರನೇ ಸಲ ಬರಲ್ಲ.

---

ತೊಟ್ಟಿಲ ಊರು (ಧಾರವಾಡ)

ನಮಸ್ಕಾರ್ರಿ. ನಮ್ಮ ಜಿಲ್ಲಾದಾಗ ಕಲಘಟಗಿ ಅಂತ ಐತಿ, ಬಣ್ಣದ ತೊಟ್ಟಿಲಿಗೆ ಹೆಸರಾದ ಊರು. ತೊಟ್ಟಿಲ ಕಾಲು, ಗುಂಡು ಎಲ್ಲಾ ಕಡದದ್ದ ಇರ್ತಾವು, ಮ್ಯಾಲೆ ಅರಗಿನ ಬಣ್ಣ. ಆ ಕೆಲಸದ ಮನೀಗೆ ನಾ ಹೋಗೀನಿ. ಅವರೇನು 20×30 ಶೆಡ್ಡು ಕಟ್ಟಿಲ್ರಿ, ಪಡಸಾಲ್ಯಾಗ ಕುಂತ ಮಾಡ್ತಾರ.

ನಿಮ್ಮ ಗುಂಪು ಪ್ರವಾಸ ಮಾಡ್ತೈತೇನು? ಮಾಡ್ರಿ. ಕುಕನೂರ ಹತ್ರ ಇಟಗಿ ಮಹಾದೇವ ಗುಡಿ ಐತಿ, 1112ರದ್ದು. ಕಲ್ಲಿನ ಕಂಬ ನೋಡ್ರಿ, ಉಂಗುರ ಉಂಗುರ, ಗಂಟಿಯಾಕಾರ. ತಿರುಗಿಸಿನ ಕಡದಾರ ಅನ್ನೂದು ನೋಡಿದ್ ಕೂಡ್ಲೇ ಗೊತ್ತಾಗ್ತೈತಿ. ನೀವು ಮೈಸೂರವರು ಬರೇ ಬೇಲೂರು ಬೇಲೂರು ಅಂತೀರಿ. ಬೇಲೂರು 1117, ನಮ್ಮದು ಐದು ವರ್ಷ ಮೊದಲ!

---

ಬುಗುರಿಪುಟ್ಟ

ಕಲ್ಲಿನ ಕಂಬ ತಿರುಗಿಸಿದವರು ಅಡ್ವಾನ್ಸ್ ಎಷ್ಟು ಕೊಟ್ಟಿದ್ರೋ ಆ ಶೆಡ್ಡಿಗೆ.

---

ಸಿಲ್ವರ್ ಓಕ್

ಬಳಪದ ಕಲ್ಲು ಪುಟ್ಟಾ, ಗಣಿಯಿಂದ ತೆಗೆದಾಗ ಮೆತ್ತಗಿರ್ತದೆ. ನಿನ್ನ ಆ ಹುಣಸೆ ತುಂಡಿಗಿಂತ ಅದನ್ನ ಕಡೆಯೋದೇ ಸುಲಭ ಇರಬೇಕು.

---

ಅರಗುಕಡ್ಡಿ (ಚನ್ನಪಟ್ಟಣ)

ಸಾರ್, ನಾನು ಚನ್ನಪಟ್ಟಣದವನು. ನಮ್ಮ ಅಬ್ಬಾ ಹುಡುಗನಾಗಿದ್ದಾಗಿಂದ ಗೊಂಬೆ ಕಡೀತಿದಾರೆ. ನಾನು ಬೆಂಗಳೂರಲ್ಲಿ ಬೇರೆ ಕೆಲಸ ಮಾಡ್ತೀನಿ, ರಜಾದಲ್ಲಿ ಕೂತ್ಕೊಂಡು ಕೈ ಜೋಡಿಸ್ತೀನಿ. ನಿಮ್ಮ ಮಾತು ಓದಿ ಬರೀಬೇಕು ಅನ್ನಿಸ್ತು.

ನಮ್ಮನೇಲಿ ಲೇತ್ ಇರೋ ಕೋಣೆ ಎಂಟು ಅಡಿ ಹತ್ತು ಅಡಿ. ಅದರಲ್ಲೇ ಮೂರು ಜನ. ಗೊಂಬೆಗೆ ಬಳಸೋ ಆಲೆ ಮರ (ಆಲದ ಮರ ಅಲ್ಲ) ಬೆಳ್ಳಗೆ, ಮೆತ್ತಗೆ, ಒತ್ತಾದ ನಾರು, ಹಾಗಾಗಿ ಉಳಿಗೆ ಬೆಣ್ಣೆ ಇದ್ದಂಗೆ. ಕಡೆದು ನುಣುಪು ಮಾಡಿದ ಮೇಲೆ ತಿರುಗ್ತಿರೋ ಹಾಗೇ ಅರಗಿನ ಕಡ್ಡಿ ಒತ್ತಬೇಕು. ಉಜ್ಜಾಟದ ಬಿಸಿಗೆ ಅರಗು ಕರಗಿ ತಾನೇ ಹತ್ತಿಕೊಳ್ಳುತ್ತೆ. ಜಾಸ್ತಿ ಒತ್ತಿದ್ರೆ ಗಂಟು, ಕಮ್ಮಿ ಒತ್ತಿದ್ರೆ ಪಟ್ಟೆ ಪಟ್ಟೆ. ಆಮೇಲೆ ತಾಳೆಗರಿ ಮಡಚಿ ಹಿಡಿದ್ರೆ ಕನ್ನಡಿ ಥರ ಹೊಳಪು. ಅಬ್ಬಾ ಅರಗು ಹಿಡಿದಾಗ ಮರ ನೋಡಲ್ಲ, ಕಿವಿ ಆ ಕಡೆ ಕೊಟ್ಟಿರ್ತಾರೆ. ಸದ್ದು ಬದಲಾದ್ರೆ ಗರಿ ತಗೋತಾರೆ.

ಒಂದು ಬೇಜಾರಿನ ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡಿ. ನಿಮ್ಮಂಥ ಹವ್ಯಾಸದವರ ತಂಡಗಳು ನಮ್ಮೂರಿಗೆ ಬರ್ತವೆ. ಎರಡು ಗಂಟೆ ಕೂತು ವಿಡಿಯೋ ಮಾಡ್ತಾರೆ, ಅದು ಹೆಂಗೆ ಇದು ಹೆಂಗೆ ಅಂತ ಕೇಳ್ತಾರೆ, ಚಾ ಕುಡೀತಾರೆ, ಎರಡು ಬುಗುರಿ ಚೌಕಾಸಿ ಮಾಡಿ ತಗೊಂಡು ಹೋಗ್ತಾರೆ. ಅಬ್ಬಾಗೆ ಆ ದಿನದ ಕೆಲಸ ಹೋಯ್ತು. ಕಡೆದಷ್ಟಕ್ಕೆ ಕಾಸು ಅವರಿಗೆ. ಬರೋದಾದ್ರೆ ದಿನದ ಕೂಲಿ ಕೊಟ್ಟು ಮೇಷ್ಟರ ಥರ ಕೂರಿಸಿ. ಖುಷಿಯಾಗಿ ಹೇಳ್ಕೊಡ್ತಾರೆ.

---

ಕಡಗೋಲು

ಬೇಟಾ, ಕೋಪ ಯಾಕೆ ಬರುತ್ತೆ. ನಾಚಿಕೆ ಆಯ್ತು. ಎರಡು ವರ್ಷದ ಹಿಂದೆ ನಾವೂ ಬಂದಿದ್ವಿ, ನೀವು ಬರೆದ ಹಾಗೇ ಬುಗುರಿ ತಗೊಂಡು ಬಂದ್ವಿ. ಚೌಕಾಸಿ ಮಾಡಿದ್ವಾ ನೆನಪಿಲ್ಲ, ಮಾಡಿರ್ತೀವಿ.

ಜಾಗ ಸಿಕ್ಕಿದ ಮೇಲೆ ಮೊದಲ ಪಾಠ ಅರಗಿನದ್ದೇ ಆಗ್ಲಿ. ನಿಮ್ಮ ತಂದೆಯವರಿಗೆ ಬಸ್ ಚಾರ್ಜು, ಊಟ, ಅವರು ಹೇಳಿದ ದಿನಗೂಲಿ. ಬಾಡಿಗೆ ಲೆಕ್ಕಕ್ಕೆ ಮುಂಚೆ ಈ ಲೆಕ್ಕ ಬರೀತೀನಿ.

---

ಲೆಕ್ಕದ ಪುಸ್ತಕ (ಮೈಸೂರು)

ಗುಂಪಿನ ಖಜಾಂಚಿ ನಾನೇ, ಯಾರೂ ಆರಿಸದಿದ್ರೂ. ಒಂದು ಕಹಿ ಪ್ರಶ್ನೆ: ಅಗ್ರಿಮೆಂಟು ಯಾರ ಹೆಸರಲ್ಲಿ? ಗುಂಪಿಗೆ ಕಾನೂನಿನ ಕಣ್ಣಲ್ಲಿ ಅಸ್ತಿತ್ವವೇ ಇಲ್ಲ. ಬ್ಯಾಂಕ್ ಖಾತೆ ಇಲ್ಲ, ದುಡ್ಡು ನನ್ನ ಯುಪಿಐಗೆ ಬರ್ತಿದೆ. ನಾಳೆ ಶಟರಿಗೆ ಬಡಿದ ಬಟ್ಟಲು ಇನ್ನೇನಕ್ಕೋ ಬಡಿದ್ರೆ ಸಿಕ್ಕಿಬೀಳೋದು ಸಹಿ ಹಾಕಿದವನು ಒಬ್ಬನೇ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದ್ದು. ಏಳು ಜನ ಇದ್ರೆ ಸಂಘ ನೋಂದಾಯಿಸಬಹುದು. ಉದ್ದೇಶ ಬರೆದು, ನಿಯಮಾವಳಿ ಬರೆದು, ಸಹಿ ಹಾಕಿ ಜಿಲ್ಲಾ ನೋಂದಣಾಧಿಕಾರಿಗೆ ಕೊಡೋದು. ಆಮೇಲೆ ವರ್ಷಕ್ಕೊಮ್ಮೆ ಸಭೆ, ಲೆಕ್ಕ ಒಪ್ಪಿಸೋದು. ಅಷ್ಟು ಶಿಸ್ತು ನಮಗಿದೆಯಾ? ಫೆಬ್ರವರಿಯ ಚಾ ಬಾಕಿ ಇನ್ನೂ ಮೂರು ಜನ ಕೊಟ್ಟಿಲ್ಲ.

ಹೊಸ ಜಾಗಕ್ಕೆ ಬೇಕಾಗೋ ಕರೆಂಟಿನ ಲೆಕ್ಕವೂ ಮಾಡಿದೀನಿ. ಮುಕ್ಕಾಲು ಎಚ್‌ಪಿ ಲೇತ್ ಮೂರು, ಒಂದೂವರೆ ಎಚ್‌ಪಿದು ಒಂದು, ಧೂಳು ಎಳೆಯೋ ಮೆಷಿನ್ ಎರಡು ಎಚ್‌ಪಿ, ಗ್ರೈಂಡರ್ ಅರ್ಧ. ಎಲ್ಲ ಸೇರಿ ಆರೂಕಾಲು ಎಚ್‌ಪಿ, ಅಂದ್ರೆ ಸುಮಾರು 4.7 ಕಿಲೋವ್ಯಾಟ್. ಮೂರು ಕಿಲೋವ್ಯಾಟ್ ಮಂಜೂರಾದ ಮನೆ ಲೈನಲ್ಲಿ ಇದು ನಡೆಯಲ್ಲ. ಕಾರ್ ಶೆಡ್ಡಲ್ಲಿ ಲೇತ್ ಓಡುವಾಗ ಒಳಗೆ ಮಿಕ್ಸಿ ಹಾಕಿದ್ರೆ ಫ್ಯೂಸ್ ಹೋಗೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

---

ಸಿಪ್ಪೆಯಮ್ಮ

ಧೂಳಿನ ಮಾತು ಬಂತಲ್ಲ, ಹೇಳಿಬಿಡ್ತೀನಿ. ಮರದ ಧೂಳನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಕ್ಯಾನ್ಸರ್ ತರೋ ವಸ್ತುಗಳ ಪಟ್ಟಿಗೆ ಸೇರಿಸಿದೆ. ಕಣ್ಣಿಗೆ ಕಾಣೋ ಸಿಪ್ಪೆ ಏನೂ ಮಾಡಲ್ಲ. ಉಜ್ಜು ಕಾಗದ ಹಿಡಿದಾಗ ಬಿಸಿಲುಕೋಲಲ್ಲಿ ತೇಲುತ್ತಲ್ಲ, ಅದು ಎದೆಗಿಳಿಯೋದು. ಹಾಗಾಗಿ ಹೊಸ ಜಾಗಕ್ಕೆ ಎರಡು ಕಡೆ ಗಾಳಿ ಬೇಕು. ಎಲ್ಲಿ ಉಜ್ಜಿದ್ರೂ ಮಾಸ್ಕ್ ಕಡ್ಡಾಯ, ‘ಐದೇ ನಿಮಿಷ ಅಮ್ಮಾ’ ಅನ್ನೋರಿಗೂ ಸೇರಿಸಿ.

ಮತ್ತೆ ಅಗಸೆಎಣ್ಣೆ ಒರೆಸಿದ ಬಟ್ಟೆ. ಉಂಡೆ ಕಟ್ಟಿ ಸಿಪ್ಪೆ ಡಬ್ಬಕ್ಕೆ ಎಸೆದು ಬೀಗ ಹಾಕಿ ಹೋದ್ರೆ ಅದು ತನಗೆ ತಾನೇ ಕಾದು ಹೊತ್ತಿಕೊಳ್ಳುತ್ತೆ. ಬಿಡಿಸಿ ಹರವಿ, ಇಲ್ಲಾ ನೀರಲ್ಲಿ ಹಾಕಿ. ಬೇರೆಯವರ ಸಾಮಿಲ್ಲಿಗೆ ಹೋಗೋ ಮಾತಾಡ್ತಿದೀವಿ, ಇದನ್ನ ಗೋಡೆ ಮೇಲೆ ಬರೀಬೇಕು.

---

ಬುಗುರಿಪುಟ್ಟ

ಸರಿ, ನನ್ನ ವೋಟು ವಾಪಸ್. ಆದರೆ ಹೆಬ್ಬಾಳದ ಶೆಡ್ಡು ಬೇಡ, ತಿಂಗಳು ತಿಂಗಳು ಬಾಡಿಗೆಗೆ ಹೆದರ್ಕೊಂಡು ಕಡೆಯೋದು ನನ್ನ ಕೈಲಾಗಲ್ಲ. ಸಾಮಿಲ್ಲು ನೋಡೋಣ. ಭವನವನ್ನೂ ಬಿಡೋದು ಬೇಡ. ವರ್ಷಕ್ಕೊಮ್ಮೆ ಎಲ್ಲರ ಕೆಲಸ ಇಟ್ಟು ಜನಕ್ಕೆ ತೋರಿಸೋದಕ್ಕೆ ಅದೇ ಸರಿ. ದಸರಾ ರಜೇಲಿ ಮಕ್ಕಳಿಗೆ ಬುಗುರಿ ಮಾರಿದ್ರೆ ಧೂಳು ಮೆಷಿನ್ನಿಗೆ ಸ್ವಲ್ಪ ದುಡ್ಡು ಬರುತ್ತೆ.

---

ಕಡಗೋಲು (ಮೂರು ವಾರದ ನಂತರ)

ಸಾಮಿಲ್ಲಿಗೆ ಹೋಗಿ ಬಂದ್ವಿ. ನಾನು, ಲೆಕ್ಕದ ಪುಸ್ತಕ, ಸಿಪ್ಪೆಯಮ್ಮ, ಒಂದು ಟೇಪು.

18×24 ಅಡಿ ಜಾಗ. ಮೇಲೆ ತಗಡು, ಮೂರು ಕಡೆ ಗೋಡೆ, ಒಂದು ಕಡೆ ಪೂರ್ತಿ ತೆರೆದಿದೆ. ತ್ರೀ ಫೇಸ್ ಲೈನ್ ಮೊದಲೇ ಇದೆ, ನಮಗೆ ಸಬ್ ಮೀಟರ್ ಹಾಕಿಸ್ತಾರಂತೆ. ಬಾಡಿಗೆ 6,000. ಭಾನುವಾರ ಮಿಲ್ಲಿಗೆ ರಜ, ಹಾಗಾಗಿ ಅವತ್ತು ಪೂರ್ತಿ ನಮ್ಮದು. ಬೇರೆ ದಿನ ಸಂಜೆ ಆರರ ಮೇಲೆ, ಕಾವಲುಗಾರನಿಗೆ ಹೇಳಿ. ಲೇತ್‌ಗಳಿಗೆ ಜಾಲರಿ ಹಾಕಿ ಬೀಗ ಹಾಕ್ಕೋಬೇಕು. ಅಕ್ಕಪಕ್ಕ ಗ್ಯಾರೇಜು, ಗೋಡೌನು. ಒಗೆದ ಸೀರೆ ಎಲ್ಲೂ ಕಾಣ್ಲಿಲ್ಲ.

ಮಾಲೀಕರು ಒಂದೇ ಷರತ್ತು ಹಾಕಿದ್ರು: ಮಿಲ್ಲಿನ ತುಂಡು ಮರ ಕೇಳದೆ ಮುಟ್ಟಬಾರದು. ಕೇಳಿದ್ರೆ ಸೌದೆ ರೇಟಿಗೆ ಕೊಡ್ತಾರೆ. ಅಲ್ಲೊಂದು ನೇರಳೆ ಬೊಡ್ಡೆ ಬಿದ್ದಿತ್ತು, ಸಿಪ್ಪೆಯಮ್ಮ ಅದರ ಸುತ್ತ ಮೂರು ಸಲ ಪ್ರದಕ್ಷಿಣೆ ಹಾಕಿದ್ರು.

ಮರ ಒಣಗಿಸೋ ಮೂಲೆ ಉತ್ತರದ ಗೋಡೆಗೆ, ತಗಡಿನಿಂದ ನಾಲ್ಕು ಅಡಿ ಕೆಳಗೆ ಅಟ್ಟ. ಸಿಲ್ವರ್ ಓಕ್ ಅವರೇ, ಮಾರ್ಚಿ ಬಿಸಿಲಿಗೆ ಅದು ಸಾಕಾ, ನೀವೇ ಬಂದು ನೋಡಿ. ಬಾತ್‌ರೂಮ್ ಇದೆ, ನೀರಿದೆ, ಚಿಲಕ ಇಲ್ಲ. ನೋಂದಣಿ ಅರ್ಜಿಗೆ ಒಂಬತ್ತು ಜನ ಸಹಿ ಹಾಕೋಕೆ ಒಪ್ಪಿದಾರೆ. ಚಾ ಬಾಕಿ ಮೂರೂ ಜನ ಅದರಲ್ಲೇ ಇದಾರೆ.

ಚನ್ನಪಟ್ಟಣದಿಂದ ಅಬ್ಬಾ ಬರೋದಕ್ಕೆ ಒಪ್ಪಿದಾರೆ. ಅವರು ನೆಲದ ಮೇಲೆ ಕೂತು ಕಡೆಯೋರು, ನಮ್ಮ ಲೇತ್‌ಗಳೆಲ್ಲ ಸೊಂಟದೆತ್ತರ. ಒಂದು ಸಣ್ಣ ಲೇತನ್ನ ನೆಲಕ್ಕೆ ಬೋಲ್ಟ್ ಹಾಕಬೇಕು. ಡ್ರಿಲ್ ಇದ್ದೋರು ಹೇಳಿ.

ಬರೋ ಭಾನುವಾರ ಹತ್ತು ಗಂಟೆಗೆ ಎಲ್ಲರೂ ಸಾಮಿಲ್ಲಿಗೆ. ಅವತ್ತು ಕಡೆಯೋದು ಇಲ್ಲ, ಬರೀ ಗುಡಿಸೋದು. ಪೊರಕೆ ತನ್ನಿ.

---

ಸಿಪ್ಪೆಯಮ್ಮ

ಚಿಲಕ ಮೊದಲು. ಪೊರಕೆ ಆಮೇಲೆ.

---

ಬುಗುರಿಪುಟ್ಟ

ಚಿಲಕ ನಾನು ತರ್ತೀನಿ ಅಮ್ಮಾ, ಹಾರ್ಡ್‌ವೇರ್ ಅಂಗಡೀದೇ. ಪೊರಕೆಗೆ ಹಿಡಿ ಮಾತ್ರ ನಾನೇ ಕಡೆದಿದೀನಿ, ಹುಣಸೇದು. ಸ್ವಲ್ಪ ಸೊಟ್ಟ ಇದೆ.